ಬಳ್ಳಿಗೊಂದು ಸೂಟಿ

ತಮಿಳು ಸೀಮೆಯ ಗೂಡಲೂರಿಗೆ ಬಂದಿಳಿದ ಮೊದಲ ದಿನವೇ ನನ್ನ ತಲೆ ಕೆಟ್ಟಿತು. ಬಸ್ ನಿಲ್ದಾಣದಿಂದ ನಾನು ಸೇರಬೇಕಿದ್ದ ತೋಟಕ್ಕೆ ನಡೆದು ಹೋಗುವ ದಾರಿ. ಎಡಕ್ಕೊಂದು ದ್ರಾಕ್ಷಿ ತೋಟ, ಅದರಲ್ಲಿ ಹೆಂಗಸರು ಹಣ್ಣು ಕೊಯ್ಯುತ್ತಿದ್ದರು. ಬಲಕ್ಕೊಂದು ತೋಟ, ಅದು ಹೂ ಬಿಟ್ಟಿತ್ತು. ಇನ್ನೊಂದಿಷ್ಟು ಮುಂದೆ ಹೋದರೆ ಮೂರನೆಯದು, ಅಲ್ಲಿ ಗಂಡಸರು ಕತ್ತರಿ ಹಿಡಿದು ಬಳ್ಳಿಗಳನ್ನು ಬೋಳು ಮಾಡುತ್ತಿದ್ದರು. ಎಲ್ಲ ಒಂದೇ ದಿನ, ಒಂದೇ ಜಿಟಿಜಿಟಿ ಮಳೆಯಲ್ಲಿ! ನಮ್ಮ ತಿಕೋಟಾ ಕಡೆಯವರಿಗೆ ಇದನ್ನು ಹೇಗೆ ತಿಳಿಸಲಿ? ಯುಗಾದಿ, ಚೌತಿ, ಸಂಕ್ರಾಂತಿ ಮೂರನ್ನೂ ಒಂದೇ ಓಣಿಯಲ್ಲಿ ಒಂದೇ ಹೊತ್ತಿಗೆ ಆಚರಿಸುವುದನ್ನು ಕಂಡ ಹಾಗಾಯಿತು. ಚೀಲ ಕೆಳಗಿಟ್ಟು ದಾರಿಯಲ್ಲೇ ನಿಂತುಬಿಟ್ಟೆ.

ನಮ್ಮ ವಿಜಾಪುರದ ಕಡೆ ದ್ರಾಕ್ಷಿಗೆ ಒಂದು ಪಂಚಾಂಗವಿದೆ. ಫೆಬ್ರುವರಿ, ಮಾರ್ಚಿನಲ್ಲಿ ಹಣ್ಣು. ಹಣ್ಣಿಳಿದ ಮೇಲೆ ಒಂದು ತಿಂಗಳು ಬಳ್ಳಿಯ ತಂಟೆಗೆ ಯಾರೂ ಹೋಗುವುದಿಲ್ಲ. ಆಮೇಲೆ ಏಪ್ರಿಲ್ ಚಾಟಣಿ, ಮತ್ತೆ ಅಕ್ಟೋಬರ್ ಚಾಟಣಿ. ಚಾಟಣಿ ಎಂದರೆ ಬಳ್ಳಿ ಸವರುವುದು, ತಿನ್ನುವ ಚಟ್ನಿಯಲ್ಲ. ನನ್ನ ಹೆಸರು ಬಸವರಾಜ, ಕಸುಬು ಚಾಟಣಿ, ಕಲಿಸಿದವರು ಅಪ್ಪ. ಆ ಖಾಲಿ ತಿಂಗಳಿಗೆ ಅಪ್ಪ 'ಬಳ್ಳಿಯ ಸೂಟಿ' ಎನ್ನುತ್ತಿದ್ದರು. ಶಾಲೆಗೆ ಸೂಟಿ, ಕೋರ್ಟಿಗೆ ಸೂಟಿ, ಬಳ್ಳಿಗೂ ಸೂಟಿ. ಹುಡುಗನಾಗಿದ್ದಾಗ ಕೇಳಿದ ಆ ಮಾತು ನನಗೆ ಸೂರ್ಯ ಹುಟ್ಟುವಷ್ಟು ಸಹಜವಾಗಿತ್ತು. ಸೂಟಿಯೇ ಇಲ್ಲದ ಬಳ್ಳಿಗಳು ಲೋಕದಲ್ಲಿವೆ ಎಂದು ತಿಳಿಯಲು ಮೂವತ್ತನಾಲ್ಕು ವರ್ಷ, ಮೂರು ಬಸ್ಸು ಬೇಕಾದವು.

ಊರು ಬಿಟ್ಟ ಕಾರಣವನ್ನೂ ಹೇಳಿಬಿಡುತ್ತೇನೆ. ಆ ವರ್ಷದ ಸೂಟಿಯಲ್ಲಿ ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಿದ್ದೆ. ಅಣ್ಣ ಸಿದ್ದಪ್ಪ ಹೊಲದಿಂದ ಬಂದವನೇ ಎಲ್ಲರೆದುರು, "ಏಳಲೇ ರಿಕಾಮಿ! ಎಷ್ಟಂತ ಕುಂಡ್ರತಿ? ಎದ್ದು ಏನರ ಕೆಲಸಾ ನೋಡು" ಎಂದ. ರಿಕಾಮಿ ಎಂದರೆ ಕೆಲಸವಿಲ್ಲದವನು, ನಮ್ಮ ಕಡೆ ಇದಕ್ಕಿಂತ ಹೀನ ಬೈಗುಳವಿಲ್ಲ. ಕಳ್ಳ ಎಂದರೆ ತಡೆದುಕೊಂಡೇನು. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು, ಅದೇ ನನಗೆ ಹತ್ತಿದ್ದು. ಏಪ್ರಿಲ್ ಚಾಟಣಿ ಮುಗಿಸಿಕೊಟ್ಟ ಮೇಲೆ, ಮೇ ಕೊನೆಗೆ, ದಿಂಡಿಗಲ್ಲಿನ ಹಣ್ಣಿನ ವ್ಯಾಪಾರಿಯೊಬ್ಬ ವಿಜಾಪುರದ ಮಾರುಕಟ್ಟೆಯಲ್ಲಿ ಸಿಕ್ಕ. ಕಂಬಂ ಕಣಿವೆಯ ಗೂಡಲೂರಿನಲ್ಲಿ ಕನ್ನಡ ಮಾತಾಡುವ ಗೌಡರ ಮನೆಯೊಂದಿದೆ, ಹಳೆಯ ಬಳ್ಳಿ ಉಳಿಸುವವನು ಅವರಿಗೆ ಬೇಕು ಎಂದ. ಹೆಂಡತಿಯನ್ನು ತವರಿಗೆ ಕಳಿಸಿ, ಅಣ್ಣನಿಗೆ ಹೇಳದೆ ಹೊರಟುಬಂದೆ.

ನನ್ನನ್ನು ಕರೆಸಿದವರು ರಂಗಸಾಮಿ ಗೌಡರು. ಗಟ್ಟಿ ಆಳು, ನಿಂತಲ್ಲಿ ನಿಲ್ಲುವವರಲ್ಲ. ಮಾತಾಡುತ್ತಲೇ ನಡೆಯುವುದು, ನಡೆಯುತ್ತಲೇ ಉಣ್ಣುವುದು. ನಾಲ್ಕು ಎಕರೆ ಪನ್ನೀರು ಎಂಬ ಕಪ್ಪು ದ್ರಾಕ್ಷಿ, ಕಲ್ಲುಕಂಬದ ಮೇಲೆ ತಂತಿಯ ಚಪ್ಪರ. ಬಾವಿಯ ಪಕ್ಕದ ಎಂಬತ್ತು ಬಳ್ಳಿ ಅವರ ತಾಯಿ ಲಕ್ಕಮ್ಮಾಳದು. ಅವರ ಗಂಡ ತೀರಿಕೊಳ್ಳುವ ಮುಂಚೆ ಕೈಯಾರೆ ನೆಟ್ಟವು. ಅವೇ ಈಗ ಸೊರಗಿದ್ದವು. ಗೊಂಚಲು ಬೆರಳುದ್ದ, ಎಲೆ ಬಿಳಿಚಿಕೊಂಡಿತ್ತು. ಅವನ್ನು ಕಿತ್ತು ಬಾಳೆ ಹಾಕಬೇಕೆಂದು ಮಗ, ಬೇಡವೆಂದು ತಾಯಿ. ಗೌಡರು ನಡೆಯುತ್ತಲೇ ನನಗೆ ಷರತ್ತು ಹೇಳಿದರು. "ಒಂದು ವರ್ಷ ಟೈಮು. ಮರಳಿ ಕಾಯಿ ಬಿಟ್ಟರೆ ನಾಲ್ಕೆಕರೆಗೂ ನೀನೇ ಮೇಸ್ತ್ರಿ. ಇಲ್ಲಾಂದ್ರೆ ಅವೂ ಓಗ್ತವೆ, ನೀನೂ ಓಗ್ಬೇಕು."

ಬಳ್ಳಿಯ ರೋಗ ಹಿಡಿಯಲು ಡಾಕ್ಟರಾಗಬೇಕಿರಲಿಲ್ಲ. ಕತ್ತರಿಸುತ್ತಾರೆ, ನಾಲ್ಕು ತಿಂಗಳಿಗೆ ಹಣ್ಣು ಕೊಯ್ಯುತ್ತಾರೆ, ಕೊಯ್ದ ಕೆಲವೇ ದಿನಕ್ಕೆ ಮತ್ತೆ ಕತ್ತರಿ. ಆ ನೆಲಕ್ಕೆ ಚಳಿಗಾಲವೂ ಇಲ್ಲ, ನೀರಿಗೆ ಬರವೂ ಇಲ್ಲ. ಕೇರಳದ ಬೆಟ್ಟದಾಚೆಯಿಂದ ಜೂನ್ ತಿಂಗಳಿಡೀ ಗಾಳಿಯಲ್ಲಿ ತೇಲಿ ಬರುವ ಸೋನೆ ಬೇರೆ. ಅದಕ್ಕೆ ಅವರು ಸಾರಲ್ ಎನ್ನುತ್ತಾರೆ. ಎಂಬತ್ತು ಬಳ್ಳಿಗಳೂ ಹೆತ್ತು ಹೆತ್ತು ಸೋತಿದ್ದವು. ಅವಕ್ಕೆ ಬೇಕಿದ್ದುದು ಗೊಬ್ಬರವಲ್ಲ, ಸೂಟಿ.

ಆದರೆ ಸೂಟಿ ಎಂಬುದನ್ನು ಅಲ್ಲಿ ಯಾವ ಮಾತಿನಲ್ಲಿ ಕೇಳುವುದು? ಇದೇ ನನ್ನ ಮೊದಲ ಪಾಡು. ಮನೆಯಲ್ಲಿ ಕನ್ನಡವಿದೆ ಎಂದು ಹಿಗ್ಗಿ ಹೋಗಿದ್ದೆ. ಇದೆ, ಖಂಡಿತ ಇದೆ. ಎಷ್ಟೋ ತಲೆಮಾರಿನ ಹಿಂದೆ ಬಂದು ನೆಲೆಸಿದವರು, ಹಕಾರ ಸವೆದು ಹೋಗಿದೆ, ನಡುನಡುವೆ ತಮಿಳು. ಕೆಲಸಕ್ಕೆ 'ಗೇಯ್ಮೆ' ಎನ್ನುತ್ತಾರೆ, ನನ್ನ ಅಜ್ಜಿಯ ನಂತರ ಆ ಪದ ಕೇಳಿದ್ದು ಅಲ್ಲೇ. ಎಲ್ಲರ ಮುಂದೆ ಎದೆ ಉಬ್ಬಿಸಿ, "ಬಳ್ಳಿಗೆ ವಿಶ್ರಾಂತಿ ಬೇಕ್ರಿ" ಎಂದೆ. ಆ ಪದ ಯಾರಿಗೂ ತಿಳಿಯಲಿಲ್ಲ. "ಸೂಟಿ ಬೇಕ್ರಿ" ಎಂದೆ. ಕತ್ತರಿ ಹಿಡಿಯುವವರ ಮುಂದಾಳು ಮುರುಗೇಸನ್ ಕಿಸಕ್ಕೆಂದ. ನಡುವಯಸ್ಸಿನ ತಮಿಳಿನವನು, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಗೌಡರು ಯೋಚಿಸಿ, "ಓಯ್ವಾ?" ಎಂದು ಕೇಳಿದರು. ಓಯ್ವು ಎಂದರೆ ತಮಿಳಿನಲ್ಲಿ ವಿಶ್ರಾಂತಿ, ನೌಕರಿಯಿಂದ ನಿವೃತ್ತಿಯೂ ಹೌದು. ಮುರುಗೇಸನ್ ಚಪ್ಪರದ ಕಡೆ ಕೈ ಮಾಡಿ ಏನೋ ಅಂದ, ಆಳುಗಳೆಲ್ಲ ಬಿದ್ದು ಬಿದ್ದು ನಕ್ಕರು. ಇದೇನು ಸರ್ಕಾರಿ ಬಳ್ಳಿಯಾ, ಪಿಂಚಣಿಯೂ ಕೊಡಬೇಕಾ ಎಂದನಂತೆ.

ಅಲ್ಲಿನ ಮಾತುಗಳನ್ನು ಒಂದೊಂದಾಗಿ ಕಲಿತೆ. ಶಾಲೆ, ಆಫೀಸಿಗಾದರೆ 'ಲೀವು'. ಉಳದೆ ಬಿಟ್ಟ ನೆಲಕ್ಕೆ 'ತರಿಸು', ಅದನ್ನು ಹೇಳುವಾಗ ಮುಖ ಹುಳ್ಳಗಾಗುತ್ತದೆ, ಮನೆ ಹಾಳಾಗಿದೆ ಎಂಬಂತೆ. ಇನ್ನು 'ಸುಮ್ಮಾ'. ಇದೊಂದು ಪದವಿದ್ದರೆ ಆ ಕಣಿವೆಯಲ್ಲಿ ಜೀವನ ಮಾಡಬಹುದು. ಯಾಕೆ ಬಂದೆ, ಸುಮ್ಮಾ. ಎಷ್ಟು ಕೊಟ್ಟೆ, ಸುಮ್ಮಾ ಕೊಟ್ಟರು. ಏನು ಮಾಡುತ್ತಿದ್ದೀಯ, ಸುಮ್ಮಾ ಇದ್ದೇನೆ. ನಮ್ಮ 'ಸುಮ್ಮನೆ'ಯ ಅಕ್ಕನೋ ತಂಗಿಯೋ ಇರಬೇಕು. ಅಮಾವಾಸ್ಯೆಯಂತೂ ನನ್ನ ಎದೆ ಒಡೆಸಿತು. ನಮ್ಮಲ್ಲಿ ಅಮಾವಾಸ್ಯೆ ಎಂದರೆ ಒಕ್ಕಲಿಗನ ಸೂಟಿ, ನೇಗಿಲು ಮೂಲೆಗೆ. ಇಲ್ಲಿ ಅದು ಒಳ್ಳೆಯ ದಿನ. ಮುರುಗೇಸನ್ ಅಮಾವಾಸ್ಯೆಯಂದೇ ಕರ್ಪೂರ ಹಚ್ಚಿ ಹೊಸ ಚಪ್ಪರದಲ್ಲಿ ಕತ್ತರಿ ಆಡಿಸಿದ. ನಾನು ಮೋಟಾರು ಕೋಣೆಯಲ್ಲಿ ಕದ ಹಾಕಿಕೊಂಡು ಕೂತೆ. ಹುಷಾರಿಲ್ಲವೇನೋ ಎಂದು ಎಲ್ಲರೂ ಬಂದು ಹಣೆ ಮುಟ್ಟಿ ನೋಡಿದರು.

ಮೋಟಾರು ಕೋಣೆಯೇ ನನ್ನ ಮನೆ. ಒಂದು ಹಗ್ಗದ ಮಂಚ, ಒಂದು ಸೀಮೆಎಣ್ಣೆ ಸ್ಟೋವು, ಗೋಡೆಯಾಚೆ ಪಂಪು. ಮೂರು ಹೊತ್ತೂ ಅನ್ನ. ಇಡ್ಲಿಯೂ ಅನ್ನವೇ, ದೋಸೆಯೂ ಅನ್ನವೇ, ನನಗೆ ಅದೆಲ್ಲ ಹೊಟ್ಟೆಗೆ ಬಿದ್ದ ಲೆಕ್ಕವೇ ಅಲ್ಲ. ಒಂದು ದಿನ ದನದ ಮೇವಿಗೆಂದು ಬೆಳೆದ ಜೋಳದ ತೆನೆ ಕಂಡು, ಗೌಡರನ್ನು ಕೇಳಿ ಒಂದು ಸೇರು ಕಾಳು ಬೀಸಿಸಿ ರೊಟ್ಟಿ ಬಡಿದೆ. ಸಪ್ಪಳ ಕೇಳಿ ಲಕ್ಕಮ್ಮಾಳ್ ಬಂದರು. ಎಪ್ಪತ್ತು ದಾಟಿದವರು, ಬೆನ್ನು ಬಾಗಿದೆ, ಕಣ್ಣು ಮಾತ್ರ ಸೂಜಿ. "ಗಂಡುಸು ಕೈ ತಟ್ಟಿ ಅಡುಗೆ ಮಾಡೋದಾ!" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಅರ್ಧ ರೊಟ್ಟಿ ತಿಂದು, "ನಮ್ಮತ್ತೆ ಚೋಳದ ಕಳಿ ಮಾಡೋರು, ಈ ವಾಸನೆ ಅವರ ಕೈದೇ" ಎಂದರು. ಕಳಿ ಎಂದರೆ ಮುದ್ದೆ. ಆವತ್ತಿನಿಂದ ನನ್ನನ್ನು ಬಸವರಾಜ ಎನ್ನಲಿಲ್ಲ, ತಂಬಿ, ಅಂದರೆ ತಮ್ಮ, ಎಂದರು.

ಸೆಪ್ಟೆಂಬರಿನಲ್ಲಿ ಆ ಎಂಬತ್ತು ಬಳ್ಳಿಗಳ ಬಡಕಲು ಹಣ್ಣು ಇಳಿಯಿತು. ಗೌಡರ ಕಾಲು ಹಿಡಿಯದಿದ್ದುದೊಂದು ಬಾಕಿ, ಬಳ್ಳಿಗೆ ಮೂರು ತಿಂಗಳ ಸೂಟಿ ಬೇಡಿಕೊಂಡೆ. ಕತ್ತರಿ ಮುಟ್ಟಿಸಬಾರದು, ನೀರು ಬಿಡಬಾರದು. ಎಲೆ ಬಳ್ಳಿಯ ಮೇಲೇ ಇರಲಿ, ಅದು ಉಂಡದ್ದನ್ನೆಲ್ಲ ಕಡ್ಡಿಗೆ, ಬೇರಿಗೆ ಕೂಡಿಹಾಕಲಿ. ಹಸಿರು ಕಡ್ಡಿ ಕಂದು ಬಣ್ಣಕ್ಕೆ ತಿರುಗಿದಾಗ ನಾನೇ ಹೇಳುತ್ತೇನೆ ಎಂದೆ. ಗೌಡರು ಹೂಂ ಎಂದರು. ಅವರ ಹೂಂ ಎಷ್ಟು ದಿನದ್ದು? ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ ಬಳ್ಳಿಯ ಬುಡದಲ್ಲಿ ನೀರು ನಿಂತಿದೆ. ಓಡಿದೆ. ಗೌಡರೇ ಮೋಟಾರು ಹಾಕಿ ಕಾಲುವೆ ತಿರುಗಿಸಿದ್ದರು.

"ಯಾಕ್ರಿ ಗೌಡ್ರ, ಬ್ಯಾಡ ಅಂದಿದ್ನಲ್ಲ?"

"ಎಲ್ಲಾದಕ್ಕೂ ನೀರು ಬುಟ್ಟೆ, ಇದನ್ನ ಮಾತ್ರ ಎಂಗೆ ಬಿಡ್ಲಿ? ಪಾವಂ, ಬಾಯಾರ್ತದೆ."

ಪಾವಂ ಎಂದರೆ ಪಾಪ, ಅಯ್ಯೋ ಎನ್ನುವಾಗಿನ ಪಾಪ. ಇಂಥ ಮನುಷ್ಯನ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ! ಮರುವಾರ ಮುರುಗೇಸನ್ನನ ಆಳೊಬ್ಬ ಆ ಚಪ್ಪರದಡಿ ಹಾದು ಹೋಗುತ್ತ, ಮಾತಾಡುತ್ತಲೇ ನಾಲ್ಕು ಕಡ್ಡಿ ಕತ್ತರಿಸಿ ಹಾಕಿದ್ದ. ಯಾಕೆ ಎಂದರೆ ಅವನಿಗೇ ಗೊತ್ತಿಲ್ಲ, ಸುಮ್ಮಾ.

ನನ್ನ ಗತಿಯೂ ಅಷ್ಟೇನೂ ಚೆನ್ನಾಗಿರಲಿಲ್ಲ. ಬೇರೆ ಚಪ್ಪರಗಳಲ್ಲಿ ಮುರುಗೇಸನ್ನನ ಕಾರುಬಾರು, ಅಲ್ಲಿ ನನಗೆ ಕೆಲಸವಿಲ್ಲ. ನನ್ನ ಕೆಲಸವೆಂದರೆ ಎಂಬತ್ತು ಬಳ್ಳಿಗಳಿಗೆ ಯಾರೂ ಏನೂ ಮಾಡದಂತೆ ನೋಡಿಕೊಳ್ಳುವುದು. ಅಂದರೆ ಕೂರುವುದು! ರಿಕಾಮಿ ಎಂದದ್ದಕ್ಕೆ ಊರು ಬಿಟ್ಟು ಬಂದವನು ಇಲ್ಲಿ ಕೂರುವುದನ್ನೇ ಕಸುಬು ಮಾಡಿಕೊಂಡಿದ್ದೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಂಬಂವರೆಗೆ ನಡೆದು ಹೋಗಿ ಒಂದು ಟೀ ಕುಡಿದು ನಡೆದು ಬರುತ್ತಿದ್ದೆ. ಕುಮಿಳಿ ಘಾಟಿನ ಬುಡದವರೆಗೆ ಹೋಗಿ, ಏಲಕ್ಕಿ ಮೂಟೆ ಹೊತ್ತ ಜೀಪುಗಳು ಇಳಿಯುವುದನ್ನು ನೋಡಿ ಬರುತ್ತಿದ್ದೆ. ಕತ್ತರಿ ಮಸೆದೆ, ಮಸೆದ ಕತ್ತರಿಯನ್ನೇ ಮತ್ತೆ ಮಸೆದೆ. ಅಕ್ಟೋಬರ್ ನಡುವಿಗೆ, ಅವರ ಐಪ್ಪಸಿ ತಿಂಗಳ ಮಳೆ ಶುರುವಾಯಿತು. ಬಳ್ಳಿಯ ತುದಿಯಲ್ಲಿ ಹಸಿರು ಚಿಗುರು ಇಣುಕಿತು. ಮಲಗಿಸಿದ ಕೂಸು ಕಣ್ಣು ಬಿಟ್ಟಂತೆ ನನಗೆ ದಿಗಿಲು. ಮಳೆಯಲ್ಲೇ ನೆನೆಯುತ್ತ ಒಂದೊಂದೇ ತುದಿ ಚಿವುಟಿದೆ. ಮುರುಗೇಸನ್ ಗೋಣಿಚೀಲ ತಲೆಗೆ ಹಾಕಿಕೊಂಡು ನೋಡುತ್ತ ನಿಂತಿದ್ದ. "ಅಣ್ಣೇ, ನೀಂಗ ಮೊದಲ್ಲ ಓಯ್ವು ಎಡುತ್ತುಕ್ಕೋಂಗ" ಎಂದ. ಮೊದಲು ನೀವು ವಿಶ್ರಾಂತಿ ತಗೊಳ್ಳಿ ಅಂತ. ಆವತ್ತು ಅವನಿಗೆ ಹೊಡೆಯಬೇಕೆನಿಸಿತು.

ಆ ಸಂಜೆಯೇ ಲಕ್ಕಮ್ಮಾಳ್ ಹತ್ತಿರ ಹೋಗಿ ಸೋತೆ ಎಂದೆ. "ಯಾರೂ ಬಿಡವಲ್ರು ಅವ್ವಾ. ಬಳ್ಳಿ ತಾನೂ ಬಿಡವಲ್ದು. ನಾ ಊರಿಗಿ ಹೊಕ್ಕೀನಿ."

 ಮರುದಿನ ಬೆಳಿಗ್ಗೆ ಅವರು ನನ್ನನ್ನು ಬಸ್ಸಿಗೆ ಹತ್ತಿಸಿಕೊಂಡು ಕಂಬಂ ಕಡೆ ಹೋದರು. ಇಳಿದು ಒಂದು ದೊಡ್ಡ ಹಟ್ಟಿಯ ಮುಂದೆ ಚಪ್ಪಲಿ ಬಿಡಿಸಿದರು. ಒಳಗೆ ದನಗಳ ಹಿಂಡು. ನಾನು ದನ ನೋಡಿ ಬೆಳೆದವನು, ಆದರೂ ಅಂಥ ದನ ಕಂಡಿರಲಿಲ್ಲ. ಒಂದರ ಹೆಗಲಲ್ಲೂ ನೊಗದ ಗಂಟಿಲ್ಲ, ಒಂದರ ಮೂಗಿನಲ್ಲೂ ದಾರವಿಲ್ಲ. ಇವು ಅವರ ಜನ ದೇವರಿಗೆ ಬಿಟ್ಟ ದನಗಳು. ಉಳುವಂತಿಲ್ಲ, ಗಾಡಿಗೆ ಕಟ್ಟುವಂತಿಲ್ಲ, ಹಾಲೂ ಕರೆಯುವಂತಿಲ್ಲ, ಮಾರುವ ಮಾತೇ ಇಲ್ಲ. ಹರಕೆ ಹೊತ್ತವರು ಮನೆಯ ಕರುವನ್ನು ತಂದು ಬಿಡುತ್ತಾರೆ.

"ನಮ್ಮೂರಾಗ ಸೋಮವಾರ ಎತ್ತು ಹೂಡೂದಿಲ್ಲ ಅವ್ವಾ, ಬಸವಣ್ಣನ ವಾರ ಅಂತ" ಎಂದೆ.

"ಒಂದು ದಿವಸವಾ?" ಅವರಿಗೆ ನಗು ಬಂತು. "ಇವಕ್ಕೆ ಉಟ್ಟಿದ ದಿವಸದಿಂದ ಸಾಯೋವರೆಗೂ ಸೋಮವಾರನೇ."

ಒಂದು ಕೆಂಚು ಹೋರಿ ಬಂದು ನನ್ನ ಅಂಗೈ ನೆಕ್ಕಿತು. ನಾಲಿಗೆ ಅರದಂತಿತ್ತು. ಹಟ್ಟಿ ನೋಡಿಕೊಳ್ಳುವ ಮುದುಕ, ಇದು ಯಾರು ಎಂದು ಲಕ್ಕಮ್ಮಾಳನ್ನು ಕೇಳಿದ. ಹೊರಗಿನವರನ್ನು ಹಿಂಡಿನೊಳಗೆ ಬಿಡುವುದಿಲ್ಲವಂತೆ. "ಬ್ಯಾರೆ ಯಾರೂ ಅಲ್ಲ, ನಮ್ಮೋನೆ" ಎಂದರು ಅವರು.  ಐದು ತಿಂಗಳಲ್ಲಿ ಯಾರೂ ನನ್ನನ್ನು ತಮ್ಮವನು ಎಂದಿರಲಿಲ್ಲ. ಅಣ್ಣ ರಿಕಾಮಿ ಎಂದ ದಿನದಿಂದ ನಾನು ಯಾರವನೂ ಆಗಿರಲಿಲ್ಲ. ಸಗಣಿಯ ಮೇಲೆ ಬರಿಗಾಲಲ್ಲಿ ನಿಂತು ಕಣ್ಣೊರೆಸಿಕೊಂಡೆ, ಮುದುಕ ನೋಡಿದರೆ ನೋಡಲಿ.

ತೋಟಕ್ಕೆ ಮರಳಿದ ಮೇಲೆ ಲಕ್ಕಮ್ಮಾಳ್ ಬಾವಿಯಲ್ಲಿ ತಲೆಗೆ ನೀರು ಹಾಕಿಕೊಂಡು ಬಂದರು. ಅರಿಶಿನ ಹಚ್ಚಿದ ನೂಲನ್ನು ಎಂಬತ್ತು ಬಳ್ಳಿಯ ಸುತ್ತಿನ ಕಲ್ಲುಕಂಬಗಳಿಗೆ ಸುತ್ತಿದರು, ನಾಲ್ಕು ಮೂಲೆಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಮಗನನ್ನೂ ಮುರುಗೇಸನ್ನನನ್ನೂ ಕರೆದು ಒಂದೇ ಮಾತು ಹೇಳಿದರು. "ಇದನ್ನ ಸಾಮಿಗೆ ಬುಟ್ಟಿವ್ನಿ."

ಅಷ್ಟೇ! ವಿಶ್ರಾಂತಿ, ಸೂಟಿ, ಓಯ್ವು ಎಂದು ತಿಂಗಳುಗಟ್ಟಲೆ ಬಡಬಡಿಸಿದರೂ ಆಗದ್ದು ಆ ಒಂದು ಮಾತಿಗೆ ಆಯಿತು. ಗೌಡರು ಆ ಕಡೆಯ ಕಾಲುವೆಗೆ ತಾವೇ ಮಣ್ಣು ಹಾಕಿ ಮುಚ್ಚಿದರು. ಆಳುಗಳು ಸುತ್ತು ಬಳಸಿ ಹೋಗತೊಡಗಿದರು. ಮುರುಗೇಸನ್ ನೂಲಿನ ಹತ್ತಿರ ಬಂದಾಗ ಬೀಡಿ ಆರಿಸುತ್ತಿದ್ದ. ಮಳೆಯೂ ತಗ್ಗಿತು. ಕಾರ್ತಿಕ ಕಳೆಯುವಷ್ಟರಲ್ಲಿ ಕಡ್ಡಿಗಳು ಹಸಿರು ಕಳೆದುಕೊಂಡು ಕಂದಾದವು, ಬೆರಳಲ್ಲಿ ಒತ್ತಿದರೆ ಗಟ್ಟಿ. ಎಲೆಗಳು ಹಳದಿಯಾಗಿ ತಾವಾಗಿಯೇ ಉದುರಿದವು. ಕಣಿವೆಯ ಬಳ್ಳಿಯೊಂದು ತಾನಾಗಿ ಎಲೆ ಉದುರಿಸಿದ್ದನ್ನು ಅಲ್ಲಿನವರು ನೋಡಿರಲಿಲ್ಲ. ಸತ್ತೇ ಹೋಯಿತು ಎಂದುಕೊಂಡರು. ನನಗೆ ಮಾತ್ರ ತಿಕೋಟಾದ ಮಾರ್ಚ್ ತಿಂಗಳು ಕಣ್ಣೆದುರು ಬಂದಂತಾಗಿ, ಆವತ್ತು ರಾಗ ಹಾಡಿಕೊಂಡೇ ರೊಟ್ಟಿ ಬಡಿದೆ.

ಡಿಸೆಂಬರಿನ ಮೊದಲ ವಾರ ಕತ್ತರಿ ತೆಗೆದುಕೊಂಡು ಹೋಗಿ, "ಇನ್ನ ಚಾಟಣಿ ಮಾಡೂಣು" ಎಂದೆ. ಮುರುಗೇಸನ್ ಹಿಂದೆ ಸರಿದ. ಅವನ ಆಳುಗಳೂ ಸರಿದರು. ಗೌಡರ ಕಡೆ ನೋಡಿದೆ, ಎಂದೂ ಒಂದು ಕಡೆ ನಿಲ್ಲದ ಮನುಷ್ಯ ಕಂಬದಂತೆ ನಿಂತಿದ್ದರು.

"ಏನಂತ ಯೋಳ್ತೀಯ? ಸಾಮಿಗೆ ಬುಟ್ಟದ್ದಕ್ಕೆ ಕತ್ತರಿ ಆಕೋದಾ?"

ಆಗ ನನಗೆ ಹೊಳೆಯಿತು. ನಮ್ಮ ಸೂಟಿಗೆ ಕೊನೆಯಿದೆ. ಸೂಟಿ ಮುಗಿದು ಶಾಲೆ ತೆರೆಯುತ್ತದೆ, ಸೋಮವಾರ ಮುಗಿದು ಮಂಗಳವಾರ ನೊಗ ಹೆಗಲಿಗೇರುತ್ತದೆ. ಅವರ ಬಿಡುವುದಕ್ಕೆ ಕೊನೆಯಿಲ್ಲ. ಬಿಟ್ಟದ್ದು ಬಿಟ್ಟದ್ದೇ, ಸಾಯೋವರೆಗೂ ಸೋಮವಾರ. ಇದನ್ನು ಆ ಮುದುಕಿ ಹಟ್ಟಿಯಲ್ಲಿ ನನ್ನ ಮುಖಕ್ಕೇ ಹೇಳಿದ್ದರು, ನಾನು 'ನಮ್ಮೋನೆ' ಎಂಬ ಒಂದು ಮಾತಿಗೆ ಕರಗಿ ಕೇಳಿಸಿಕೊಂಡಿರಲಿಲ್ಲ. ನನ್ನ ತಪ್ಪೂ ಇತ್ತು. ವಿಶ್ರಾಂತಿಯ ಕೊನೆಗೆ ಕತ್ತರಿ ಇದ್ದೇ ಇದೆ ಎಂದು ನಾನು ಅವರಿಗೆ ಬಿಡಿಸಿ ಹೇಳಿರಲಿಲ್ಲ. ಸವರದ ಬಳ್ಳಿ ಆ ಸೀಮೆಯಲ್ಲಿ ಹಣ್ಣು ಕೊಡುವುದಿಲ್ಲ, ಕಾಡಾಗುತ್ತದೆ. ಇನ್ನು ಹತ್ತು ಹದಿನೈದು ದಿನ ತಡವಾದರೆ ಕಡ್ಡಿಯಲ್ಲಿ ಕೂಡಿಟ್ಟದ್ದೆಲ್ಲ ಕಂಡಕಂಡ ಚಿಗುರಿಗೆ ಪೋಲಾಗುತ್ತದೆ. ಆಮೇಲೆ ಬಾಳೆಯೇ ಗತಿ, ನನಗೆ ಬಸ್ಸೇ ಗತಿ.

ಲಕ್ಕಮ್ಮಾಳ್ ಜಗುಲಿಯಲ್ಲಿ ಕೂತು ಹುಣಸೆ ಬಿಡಿಸುತ್ತಿದ್ದರು. ಎಲ್ಲ ಹೇಳಿದೆ. ಅವರ ಕೈ ನಿಂತಿತು.

"ಕತ್ತರಿಸದೆ ಕಾಯಿ ಬರಲ್ಲವಾ?"

"ಬರೂದಿಲ್ಲ ಅವ್ವಾ."

"ನಾನು ಬುಟ್ಟಾಯ್ತು. ಈ ಬಾಯಿಂದ ತಿರುಗಿ ತಗೋ ಅಂತ ಯೋಳಾಕಾಗಲ್ಲ. ನನ್ನ ಮಗ ಮುಟ್ಟಂಗಿಲ್ಲ. ಈ ಆಳುಗಳೂ ನಮ್ಮ ಸಾಮಿಗೆ ಎದರ್ತಾರೆ." ನೂಲು ಸುತ್ತಿದ ಕಂಬಗಳ ಕಡೆ ನೋಡಿದರು. ಅವರ ಗಂಡನ ಕೈ ನೆಟ್ಟ ಬಳ್ಳಿಗಳು. ಆಮೇಲೆ ನನ್ನ ಕಡೆ ತಿರುಗಿದರು. "ಅವತ್ತು ಅಟ್ಟೀಲಿ ನಾನು ಒಂದು ಮಾತು ಅಂದೆ. ನಮ್ಮೋನಾದ್ರೆ ನೀನೂ ಮುಟ್ಟಂಗಿಲ್ಲ. ಅಸಲೂರೋನಾದ್ರೆ, ಯಾವ ತಪ್ಪೂ ಇಲ್ಲ. ನೀನೇ ಯೋಳು ತಂಬಿ. ನೀನು ನಮ್ಮೋನಾ?"

ಅಸಲೂರು ಎಂದರೆ ಪರವೂರು. ಗೌಡರು ಹಿಂದೆ ಬಂದು ನಿಂತಿದ್ದರು, ಅವರ ಹಿಂದೆ ಮುರುಗೇಸನ್, ಅವನಿಗೆ ಭಾಷೆ ತಿಳಿಯದಿದ್ದರೂ ಮಾತು ತಿಳಿದಿತ್ತು. ಆ ಮುದುಕಿಯ ಕಣ್ಣಲ್ಲಿ ಏನಿತ್ತು? ಹೌದು ಎನ್ನು ಎಂದು ಕೇಳುತ್ತಿದ್ದರೋ, ಅಲ್ಲ ಎನ್ನು ಎಂದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹೌದು ಎಂದಿದ್ದರೆ ಬಳ್ಳಿ ಹೋಗುತ್ತಿತ್ತು, ನಾನು ಅವರ ಮನೆಯವನಾಗಿ ಉಳಿಯುತ್ತಿದ್ದೆ, ಕೆಲಸ ಇಲ್ಲದೆಯಾದರೂ. ಹೌದು ಎನ್ನಲು ಬಾಯಿ ತೆರೆದೆ. ಆ ಕಂದು ಕಡ್ಡಿಗಳು ಕಣ್ಣಿಗೆ ಬಿದ್ದವು.

"ಅಲ್ಲ ಅವ್ವಾ" ಎಂದೆ. "ನಾ ತಿಕೋಟಾದಾಂವ."

ಅವರು ತಲೆಯಾಡಿಸಿ ಮತ್ತೆ ಹುಣಸೆ ಬಿಡಿಸತೊಡಗಿದರು. ನಾನು ನೂಲನ್ನು ದಾಟಿ ಒಳಗೆ ಹೋದೆ. ಎಂಬತ್ತು ಬಳ್ಳಿಯನ್ನು ಒಬ್ಬನೇ ಸವರಲು ಆರು ದಿನ ಹಿಡಿಯಿತು. ಮುರುಗೇಸನ್ನನ ಜನವಾಗಿದ್ದರೆ ಅರ್ಧ ದಿನದ ಕೆಲಸ. ಅಪ್ಪ ಕಲಿಸಿದಂತೆ ಪ್ರತಿ ಕಡ್ಡಿಯ ಕಣ್ಣು ಎಣಿಸಿ ಕತ್ತರಿಸಿದೆ. ಕಡ್ಡಿ ಕತ್ತರಿಸಿದ ಕಡೆ ನೀರು ತೊಟ್ಟಿಕ್ಕಿತು, ಬೇರು ಜೀವದಿಂದಿದೆ ಎಂದು ಅರ್ಥ. ನೂಲಿನಾಚೆ ನಿಂತು ಆಳುಗಳು ನೋಡುತ್ತಿದ್ದರು. ಯಾರೂ ತಮಾಷೆ ಮಾಡಲಿಲ್ಲ, ನನಗೆ ಆ ತಮಾಷೆಯೇ ಬೇಕಿತ್ತು.

ಪೊಂಗಲ್ ಬಂತು. ದನಗಳ ಪೊಂಗಲಿನ ದಿನ ಮನೆಮಂದಿಯೆಲ್ಲ ಹಟ್ಟಿಗೆ ಹೊರಟರು, ನಾನೂ ಹೊಸ ಪಂಚೆ ಉಟ್ಟು ಹೊರಟೆ. ಹಟ್ಟಿಯ ಬಾಗಿಲಲ್ಲಿ ಚಪ್ಪಲಿ ಬಿಡಲು ಬಗ್ಗಿದಾಗ ಲಕ್ಕಮ್ಮಾಳ್ ನನ್ನ ಭುಜ ಮುಟ್ಟಿದರು. "ನೀವು ಇಲ್ಲೇ ಕೂತ್ಕೊಳ್ಳಿ" ಎಂದರು. ನೀವು! ಯಾರೋ ಪ್ಲಾಸ್ಟಿಕ್ ಕುರ್ಚಿ ತಂದರು, ಇನ್ಯಾರೋ ಬಾಳೆಲೆಯಲ್ಲಿ ಸಿಹಿ ಪೊಂಗಲ್ ತಂದರು, ಬಡಿಸುವಾಗ ನನಗೇ ಮೊದಲು. "ನಮ್ಮನೆ ವಿರುಂದಾಳಿ" ಎಂದು ನಾಲ್ಕು ಜನಕ್ಕೆ ನನ್ನನ್ನು ತೋರಿಸಿದರು. ವಿರುಂದಾಳಿ ಎಂದರೆ ನೆಂಟ, ಅತಿಥಿ. ಅವರ ದನಿಯಲ್ಲಿ ಎಳ್ಳಷ್ಟೂ ಕೋಪವಿರಲಿಲ್ಲ, ಪ್ರೀತಿಯೇ ಇತ್ತು. ಬೇಲಿಯಾಚೆ ಆ ಕೆಂಚು ಹೋರಿ ನಿಂತಿತ್ತು. ನಾನು ಕುರ್ಚಿಯಲ್ಲಿ ಕೂತು ಪೊಂಗಲ್ ತಿಂದೆ.

ಬಳ್ಳಿ ಬಂತು ನೋಡಿ! ಮಾರ್ಚ್ ಕೊನೆಗೆ ಚಪ್ಪರದ ಕೆಳಗೆ ತಲೆ ಬಗ್ಗಿಸದೆ ನಡೆಯುವಂತಿರಲಿಲ್ಲ, ಗೊಂಚಲು ಹಣೆಗೆ ಬಡಿಯುತ್ತಿದ್ದವು. ಮೊದಲ ಫಸಲೆಲ್ಲ ಸಾಮಿಯದೇ ಎಂದು ಲಕ್ಕಮ್ಮಾಳ್ ಬುಟ್ಟಿಗಟ್ಟಲೆ ಹಟ್ಟಿಗೆ ಕಳಿಸಿದರು, ದನಗಳು ದ್ರಾಕ್ಷಿ ತಿಂದವು. ಗೌಡರು ಗೊಣಗಿದರು, ಆದರೆ ಬಾಳೆಯ ಮಾತು ಮತ್ತೆ ಎತ್ತಲಿಲ್ಲ. ಕೊಟ್ಟ ಮಾತಿನಂತೆ ನಾಲ್ಕೆಕರೆಗೂ ನನ್ನನ್ನೇ ಮೇಸ್ತ್ರಿ ಮಾಡಿದರು. ಗೆದ್ದೆ. ಎಸ್‌ಟಿಡಿ ಬೂತಿಗೆ ಓಡಿ ಹೆಂಡತಿಗೆ ಹೇಳಿದೆ, ಅವಳು ಅತ್ತಳು, ನಾನೂ ಅತ್ತೆ, ಬೂತಿನವನು ಗಾಜಿನಾಚೆಯಿಂದ ನೋಡಿದ.

ಏಪ್ರಿಲಿನಲ್ಲಿ ಊರಿಗೆ ಹೋದೆ. ಹೆಂಡತಿಯನ್ನು ತವರಿನಿಂದ ಕರೆದುಕೊಂಡೇ ಮನೆಗೆ ಹೋದೆ, ವಾಪಸು ಬರುವಾಗ ನನ್ನ ಜೊತೆಗೇ ಕರೆತರಬೇಕೆಂದು. ನಮ್ಮ ತೋಟದಲ್ಲಿ ಸೂಟಿ ಮುಗಿದು ಚಾಟಣಿ ಶುರುವಾಗಿತ್ತು. ಬೆಳಿಗ್ಗೆ ಎದ್ದವನೇ ಗೂಟದಲ್ಲಿ ನೇತುಹಾಕಿದ್ದ ಅಪ್ಪನ ಕತ್ತರಿಗೆ ಕೈ ಹಾಕಿದೆ. ಅಣ್ಣ ಅವಸರದಿಂದ ಬಂದು ಕತ್ತರಿ ಇಸಿದುಕೊಂಡ. "ಬ್ಯಾಡ ಬ್ಯಾಡ, ನೀ ಯಾಕ? ಸೂಟಿಗಿ ಬಂದಾಂವ, ಆರಾಮ ಕುಂಡ್ರು" ಎಂದ. ಕಟ್ಟೆಯ ಮೇಲೆ ನನಗೆ ಕಂಬಳಿ ಹಾಸಿಸಿದ, ಪೇಪರು ತರಿಸಿಕೊಟ್ಟ. ಅದೇ ಕಟ್ಟೆ. ಅಣ್ಣನ ಮುಖದಲ್ಲಿ ಎಷ್ಟು ಹುಡುಕಿದರೂ ಹಳೆಯ ಸಿಟ್ಟು ಸಿಗಲಿಲ್ಲ. ಎಂಟು ದಿನ ಕೂತೆ, ಮುಂದೆ ಆಗಲಿಲ್ಲ, ಹೆಂಡತಿಯನ್ನು ಕರೆದುಕೊಂಡು ಹೊರಟುಬಂದೆ.

ಈಗ ಗೂಡಲೂರಿನಲ್ಲಿ ನಮಗೆ ಎರಡು ಕೋಣೆಯ ಮನೆಯಿದೆ. ಹೆಂಡತಿ ಅಕ್ಕಪಕ್ಕದವರಿಂದ 'ಸುಮ್ಮಾ' ಕಲಿತು ನನ್ನ ಮೇಲೇ ಪ್ರಯೋಗಿಸುತ್ತಾಳೆ. ಲಕ್ಕಮ್ಮಾಳಿಗೆ ಅವಳ ಕೈ ರೊಟ್ಟಿ ಹೋಗುತ್ತದೆ. ಮೊನ್ನೆ ಮಧ್ಯಾಹ್ನ ಚಪ್ಪರದ ನೆರಳಲ್ಲಿ ನಾನು ಮಂಚದ ಮೇಲೆ ಕೂತಿದ್ದೆ. ಕೂತಿದ್ದೆನೆಂದರೆ, ತೋಟಕ್ಕೆ ಹೋದ ಕೂಡಲೇ ಆ ಮಂಚ ತಂದು ಹಾಕುತ್ತಾರೆ, ಏನು ಮಾಡಲಿ. ಮಾರುದೂರದಲ್ಲಿ ಮುರುಗೇಸನ್ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತು ಬೀಡಿ ಸೇದುತ್ತಿದ್ದ. ಗೌಡರು ದಾಪುಗಾಲು ಹಾಕಿ ಬಂದರು. "ಎಂದಿರಿಡಾ! ಸುಮ್ಮಾ ಉಕ್ಕಾಂದಿರುಕ್ಕಾನ್!" ಎಂದು ಅಬ್ಬರಿಸಿದರು. ಏಳೋ, ಸುಮ್ಮನೆ ಕೂತಿದ್ದಾನೆ ನೋಡು ಎಂದು. ಮುರುಗೇಸನ್ ಬೀಡಿ ಎಸೆದು, ಗೊಣಗುತ್ತ, ಪಂಚೆ ಕೊಡವಿಕೊಂಡು ಎದ್ದು ಕೆಲಸಕ್ಕೆ ಹೋದ.

ಗೌಡರ ಕಣ್ಣು ಆಮೇಲೆ ನನ್ನ ಮೇಲೆ ಬಿತ್ತು. ನಾನೂ ಕೂತೇ ಇದ್ದೆ, ಕೈಯಲ್ಲಿ ಕತ್ತರಿ ಕೂಡ ಇರಲಿಲ್ಲ. ಅರ್ಧ ಎದ್ದೆ. ಅವರು ದನಿ ಇಳಿಸಿ, ಮುಗುಳ್ನಕ್ಕು, "ನೀವು ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ಮುಂದೆ ಹೋದರು. ಬೈಸಿಕೊಂಡು ಎದ್ದುಹೋದ ಮುರುಗೇಸನ್ನನ ಮೇಲೆ ನನಗಾದ ಹೊಟ್ಟೆಕಿಚ್ಚನ್ನು ನಾನು ಹೆಂಡತಿಗೂ ಹೇಳಿಲ್ಲ.